ಹಚಿಯಾ ಬೈಯದ ಬೆಳಗು

ಮೂವತ್ತೆಂಟು ವರ್ಷದಿಂದ ಹಚಿಯಾ ದಿನವೂ ಬೆಳಿಗ್ಗೆ ಏಳೂಕಾಲಿಗೆ ಕಾನ್‌ಜಿಯ ಕಾಫಿ ಅಂಗಡಿಗೆ ಬರುತ್ತಿದ್ದ, ದಿನವೂ ಕಾಫಿ ಕುಡಿಯುತ್ತಿದ್ದ, ದಿನವೂ ಬೈಯುತ್ತಿದ್ದ. ಕಾಫಿ ಅಂಗಡಿಯವನನ್ನು ನಮ್ಮಲ್ಲಿ ಮಾಸ್ಟರ್ ಎಂದೇ ಕರೆಯುವುದು. ಒಂದು ದಿನ, ಮಾಸ್ಟರ್, ಇದರಲ್ಲಿ ನನ್ನ ಮಗ್ಗದ ಗ್ರೀಸು ತೊಳೆಯಬಹುದು ಅನ್ನುವನು. ಇನ್ನೊಂದು ದಿನ, ನಿನ್ನೆಯದು ಕಷಾಯ, ಇವತ್ತಿನದು ಕಷಾಯದ ಪಾತ್ರೆ ತೊಳೆದ ನೀರು ಅನ್ನುವನು. ಬೈದು ಮುಗಿಸಿ, ಕಪ್ಪಿನ ತಳ ಕಾಣುವವರೆಗೆ ಕುಡಿದು, ಪೇಪರನ್ನು ಮೊದಲಿದ್ದ ಹಾಗೇ ಮಡಿಸಿಟ್ಟು ಎದ್ದು ಹೋಗುವನು. ಮರುದಿನ ಏಳೂಕಾಲಿಗೆ ಮತ್ತೆ ಅದೇ ಕುರ್ಚಿ.

ನಮ್ಮ ಇಚಿನೊಮಿಯಾ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ನಮ್ಮ ಜನ ಮುಖಕ್ಕೆ ಹೊಡೆದ ಹಾಗೆ ಚೆನ್ನಾಗಿಲ್ಲ ಎಂದು ಹೇಳುವವರೇ ಅಲ್ಲ. ಕ್ಷೌರದವನು ಕಿವಿಯ ಮೇಲೆ ಒಂದು ಕಡೆ ಬೋಳು ಮಾಡಿಬಿಟ್ಟರೂ ಕನ್ನಡಿ ನೋಡಿ, ತಲೆಬಾಗಿ, ಬಹಳ ಉಪಕಾರವಾಯಿತು ಎಂದು ಹೇಳಿ, ಮನೆಗೆ ಹೋಗಿ ಟೋಪಿ ಹುಡುಕುತ್ತಾರೆ. ಪಕ್ಕದ ಮನೆಯಾಕೆ ಕೊಟ್ಟ ಮೂಲಂಗಿ ಉಪ್ಪಿನಕಾಯಿ ಬಾಯಿಗಿಡಲಾಗದಂತಿದ್ದರೂ ತುಂಬ ರುಚಿಯಾಗಿತ್ತು ಎನ್ನುತ್ತಾರೆ. ಆಕೆ ಹಿಗ್ಗಿ ಇನ್ನೊಂದು ಡಬ್ಬಿ ತಂದುಕೊಡುತ್ತಾಳೆ, ಅದನ್ನೂ ತಿನ್ನುತ್ತಾರೆ. ಇದಕ್ಕೆ ಮರ್ಯಾದೆ ಎಂದು ಹೆಸರು. ಇಂಥ ಊರಿನಲ್ಲಿ ಹಚಿಯಾ ಒಬ್ಬನಿಗೆ ಬೈಯುವ ಹಕ್ಕು ಬಂದದ್ದು ಅವನು ಅಂಗಡಿಯ ಮೊದಲ ಗಿರಾಕಿ ಎಂಬ ಕಾರಣಕ್ಕೆ. ಆಗ ಅವನದು ಉಣ್ಣೆ ಬಟ್ಟೆ ನೇಯುವ ಮಿಲ್ಲು. ಹದಿನಾಲ್ಕು ಮಗ್ಗಗಳ ಸದ್ದಿನಲ್ಲಿ ಎದುರಿಗಿದ್ದವನ ಮಾತೂ ಕೇಳಿಸದು. ಅದಕ್ಕೇ ನೂಲಿನವನ ಜೊತೆ, ಬಣ್ಣದವನ ಜೊತೆ ಮಾತುಕತೆಯೆಲ್ಲ ಕಾಫಿ ಅಂಗಡಿಯಲ್ಲಿ. ಮಗ್ಗಗಳು ಒಂದೊಂದಾಗಿ ನಿಂತು, ಕೊನೆಗೆ ಮಿಲ್ಲಿನ ಜಾಗ ಕಾರು ನಿಲ್ಲಿಸುವ ಬಯಲಾಯಿತು. ಹಚಿಯಾನ ಗಂಟಲು ಮಾತ್ರ ಹದಿನಾಲ್ಕು ಮಗ್ಗದ ಸದ್ದನ್ನು ಮೀರುವಷ್ಟೇ ಉಳಿಯಿತು.

ಅಂಗಡಿಯ ಹೆಸರು ಕೊಮಾದೊರಿ. ಒಂದು ಕೌಂಟರು, ಅದರ ಮುಂದೆ ಆರು ಕುರ್ಚಿ, ಗೋಡೆಗೆ ಒತ್ತಿದಂತೆ ನಾಲ್ಕು ಮೇಜು. ಕೌಂಟರಿನ ಹಿಂದಿನ ಕಪಾಟಿನಲ್ಲಿ ಖಾಯಂ ಗಿರಾಕಿಗಳ ಕಪ್ಪುಗಳು, ಒಬ್ಬೊಬ್ಬರಿಗೆ ಒಂದೊಂದು. ಸತ್ತವರ ಕಪ್ಪುಗಳನ್ನು ಕಾನ್‌ಜಿ ತೆಗೆದಿಲ್ಲ, ಮೇಲಿನ ಹಲಗೆಗೆ ಏರಿಸಿದ್ದಾನೆ ಅಷ್ಟೆ. ಈಗ ಮೇಲಿನ ಹಲಗೆಯೇ ಹೆಚ್ಚು ತುಂಬಿದೆ. ಬೆಳಿಗ್ಗೆ ಕಾಫಿ ತೆಗೆದುಕೊಂಡವರಿಗೆ ದಪ್ಪ ಟೋಸ್ಟು, ಬೇಯಿಸಿದ ಮೊಟ್ಟೆ, ಬೇಕೆಂದವರಿಗೆ ಟೋಸ್ಟಿನ ಮೇಲೆ ಕೆಂಪುಕಾಳಿನ ಸಿಹಿ ಹೂರಣ. ಅದೆಲ್ಲ ಹೆಂಡತಿ ಮಿತ್ಸುಯೊಳ ಪಾಲಿನ ಕೆಲಸ. ಮಿತ್ಸುಯೊ ಒಲೆಯ ಕಡೆ, ಕಾನ್‌ಜಿ ಕಾಫಿಯ ಕಡೆ. ಮೂವತ್ತೆಂಟು ವರ್ಷದಲ್ಲಿ ಒಬ್ಬರು ಇನ್ನೊಬ್ಬರ ಗಡಿ ದಾಟಿದವರಲ್ಲ. ಅವಳು ಕಾಫಿ ಕುಡಿಯುವುದೂ ಇಲ್ಲ. ಹಸಿರು ಚಹಾ ಬಿಟ್ಟರೆ ಅವಳಿಗೆ ನೀರೇ.

ಕಾನ್‌ಜಿ ಈ ವಿದ್ಯೆ ಕಲಿತದ್ದು ನಗೊಯಾದಲ್ಲಿ ಶಿರಾಕಿ ಎಂಬ ಮುದುಕನ ಬಳಿ. ಹದಿನಾರನೇ ವಯಸ್ಸಿಗೆ ಹೋಗಿ ಸೇರಿದವನನ್ನು ಶಿರಾಕಿ ಎರಡು ವರ್ಷ ಕೆಟಲ್ ಮುಟ್ಟಲು ಬಿಡಲಿಲ್ಲ. ಮಾಡಿಸಿದ್ದು ಒಂದೇ ಕೆಲಸ, ಸೋಸುವ ಬಟ್ಟೆ ತೊಳೆಯುವುದು. ಕಾಫಿ ಸೋಸುವ ಫ್ಲಾನೆಲ್ ಬಟ್ಟೆಗೆ ಸೋಪು ತಾಗಬಾರದು, ಅದು ಒಣಗಬಾರದು, ಬಿಸಿನೀರಲ್ಲಿ ಜಾಲಿಸಿ ತಣ್ಣೀರಿನ ಜಾಡಿಯಲ್ಲಿ ಮುಳುಗಿಸಿ ತಂಪಿನಲ್ಲಿ ಇಡಬೇಕು. ಬೆಳಿಗ್ಗೆ ತೆಗೆದು ಹಿಂಡಿ ಮೂಗಿಗೆ ಹಿಡಿಯಬೇಕು. ಕಾಫಿಯ ಘಮ ಬಿಟ್ಟು ಬೇರೇನಾದರೂ ಇದೆಯೋ ಎಂದು ಒಂದು ಕ್ಷಣ ಅನುಮಾನ ಬಂದರೂ ಎಸೆಯಬೇಕು. ಶಿರಾಕಿ ಹೆಚ್ಚು ಮಾತಾಡುವವನಲ್ಲ. ಹೊರಡುವ ದಿನ ಕಾನ್‌ಜಿಗೆ ಹೇಳಿದ್ದು ಇಷ್ಟೇ: ಕೈ ನಡುಗಿದರೂ ಪರವಾಗಿಲ್ಲ, ಕಣ್ಣು ಮಂಜಾದರೂ ಪರವಾಗಿಲ್ಲ, ಮೂಗು ನೋಡಿಕೋ.

ಕಾನ್‌ಜಿ ನೋಡಿಕೊಂಡ. ಸಿಗರೇಟು ಮುಟ್ಟಲಿಲ್ಲ. ಬೆಳಿಗ್ಗೆ ಉಪ್ಪಿನಕಾಯಿ ತಿನ್ನಲಿಲ್ಲ. ಮಿತ್ಸುಯೊಗೆ ಮದುವೆಯಾದ ಹೊಸದರಲ್ಲೇ ಸೆಂಟು ಹಚ್ಚಬೇಡ ಅಂದಿದ್ದ, ಅವಳು ಬಾಟಲಿಯನ್ನು ತಂಗಿಗೆ ಕೊಟ್ಟುಬಿಟ್ಟಳು. ವಾರಕ್ಕೆ ಎರಡು ಸಲ ಹಿತ್ತಲಿನ ಕೋಣೆಯಲ್ಲಿ ಬೀಜ ಹುರಿಯುವಾಗ ಗಡಿಯಾರವನ್ನು ನೋಡುತ್ತಿರಲಿಲ್ಲ. ಬೀಜದ ಹೊಗೆಯಲ್ಲಿ ಹುಲ್ಲಿನ ವಾಸನೆ ಹೋಗಿ ಬೆಲ್ಲದ ವಾಸನೆ ಬಂದು, ಆ ಬೆಲ್ಲ ಸೀಯುವುದಕ್ಕೆ ಸ್ವಲ್ಪ ಮೊದಲು ಇಳಿಸಿಬಿಡುವನು. ಆ ಸ್ವಲ್ಪ ಮೊದಲು ಅನ್ನುವುದು ಎಷ್ಟು ಎಂದು ಕೇಳಿದರೆ ಅವನಿಗೇ ಗೊತ್ತಿರಲಿಲ್ಲ, ಮೂಗಿಗೆ ಗೊತ್ತಿತ್ತು. ಆಮೇಲೆ ಪುಡಿಯ ಮೇಲೆ ತೆಳು ಮೂತಿಯ ಕೆಟಲಿನಿಂದ ತೊಟ್ಟು ತೊಟ್ಟಾಗಿ ನೀರು. ಪುಡಿ ಉಬ್ಬಿ ಉಸಿರು ಬಿಡುವವರೆಗೆ ಕಾಯುವುದು, ಮತ್ತೆ ತೊಟ್ಟು ತೊಟ್ಟು. ಕುರ್ಚಿಯ ಮೇಲೆ ಕೂತವರು ಆಗ ಪೇಪರು ಕೆಳಗಿಟ್ಟು ಅದನ್ನೇ ನೋಡುತ್ತಿದ್ದರು. ಎಷ್ಟು ಸಲ ನೋಡಿದ್ದರೂ ನೋಡುತ್ತಿದ್ದರು. ಊರಲ್ಲಿ ಬೇರೆ ಕಾಫಿ ಅಂಗಡಿಗಳು ಬಂದವು, ಗುಂಡಿ ಒತ್ತಿದರೆ ಕಾಫಿ ಸುರಿಯುವ ಯಂತ್ರಗಳು ಬಂದವು. ಕೊಮಾದೊರಿಯ ಕುರ್ಚಿಗಳು ಆ ತೊಟ್ಟುಗಳ ದೆಸೆಯಿಂದಲೇ ಖಾಲಿಯಾಗಲಿಲ್ಲ.

ಅವನ ಎಪ್ಪತ್ತೊಂದನೇ ವಯಸ್ಸಿನ ಚಳಿಗಾಲದಲ್ಲಿ, ಫೆಬ್ರವರಿಯಲ್ಲಿ, ನೆಗಡಿ ಬಂತು. ಜ್ವರ ನಾಲ್ಕು ದಿನಕ್ಕೆ ಇಳಿಯಿತು. ಐದನೆಯ ದಿನ ಅಂಗಡಿಗೆ ಬಂದು ಜಾಡಿಯಿಂದ ಬಟ್ಟೆ ತೆಗೆದು ಹಿಂಡಿ ಮೂಗಿಗೆ ಹಿಡಿದರೆ ಏನೂ ಇಲ್ಲ. ನೆಗಡಿ ಎಂದುಕೊಂಡ. ವಾರ ಕಳೆಯಿತು. ಬೀಜದ ಡಬ್ಬಿಯ ಮುಚ್ಚಳ ತೆಗೆದು ಮುಖ ಒಳಗಿಟ್ಟರೆ ಖಾಲಿ ಡಬ್ಬಿಯ ಒಳಗೆ ಮುಖ ಇಟ್ಟ ಹಾಗೆ. ಮೂಗಿನ ಡಾಕ್ಟರ ಬಳಿ ಗುಟ್ಟಾಗಿ ಹೋದ. ಅವರು ಚಿಕ್ಕವರು, ಒಳ್ಳೆಯವರು. ಎದುರಿಗೆ ಒಂದೊಂದೇ ಸೀಸೆ ಹಿಡಿದರು. ಇವನು ಒಂದೊಂದಕ್ಕೂ ತಲೆ ಅಲ್ಲಾಡಿಸಿದ. ನರಕ್ಕೆ ಪೆಟ್ಟಾಗಿದೆ, ಬಂದರೂ ಬರಬಹುದು, ಈ ವಯಸ್ಸಿಗೆ ಹೇಳುವುದು ಕಷ್ಟ, ದಿನಾ ನಿಂಬೆ ಲವಂಗ ಮೂಸಿ ಅಭ್ಯಾಸ ಮಾಡಿ ಎಂದರು. ಏನು ಕೆಲಸ ಮಾಡುತ್ತೀರಿ ಎಂದೂ ಕೇಳಿದರು. ಕಾನ್‌ಜಿ ನಿವೃತ್ತ ಎಂದು ಸುಳ್ಳು ಹೇಳಿದ.

ಮಿತ್ಸುಯೊಗೆ ಗೊತ್ತಾದದ್ದು ಮೀನಿನಿಂದ. ಒಂದು ಸಂಜೆ ಒಲೆಯ ಮೇಲೆ ಬಂಗುಡೆ ಇಟ್ಟು ಅವಳು ಒಣಗಿದ ಬಟ್ಟೆ ಎತ್ತಿಕೊಳ್ಳಲು ಹೊರಗೆ ಹೋಗಿದ್ದಳು, ಪಕ್ಕದವಳ ಮಾತಿಗೆ ಸಿಕ್ಕಿಕೊಂಡಳು. ಒಳಗೆ ಬಂದರೆ ಮೀನು ಇದ್ದಿಲಾಗಿತ್ತು. ಕಾನ್‌ಜಿ ಒಲೆಯಿಂದ ಎರಡು ಹೆಜ್ಜೆ ದೂರದಲ್ಲಿ ಬೆನ್ನು ಹಾಕಿ ಕೂತು ಪೇಪರು ಓದುತ್ತಿದ್ದ. ಒಲೆ ಆರಿಸಿ, ಕಿಟಕಿ ತೆರೆದು, ಅವಳು ಅವನ ಎದುರಿಗೆ ಬಂದು ಕೂತಳು. ಅವನು ಪೇಪರು ಮಡಿಸಿಟ್ಟು, ವಾಸನೆ ಗೊತ್ತಾಗುತ್ತಿಲ್ಲ ಎಂದ.

"ಯಾವತ್ತಿಂದ ರೀ?"

"ನೆಗಡಿ ಬಂದಾಗಿಂದ."

"ಸೋಸೋ ಬಟ್ಟೆ ನಾನು ಮೂಸಿ ನೋಡ್ಲಾ? ದಿನಾ ಬೆಳಿಗ್ಗೆ ಒಂದು ಸಲ?"

"ನೀನು ಕಾಫೀನೇ ಕುಡಿದವಳಲ್ಲ. ನಿನಗೇನು ಗೊತ್ತಾಗತ್ತೆ," ಅಂದ. ಅಂದದ್ದು ಒರಟಾಯಿತು ಎಂದು ಅವನಿಗೇ ಅನ್ನಿಸಿತು. ಆದರೆ ತಿದ್ದಿಕೊಳ್ಳಲಿಲ್ಲ. ಆ ಜಾಡಿಯೊಂದು ತನ್ನ ಕೈಯಿಂದ ಹೋದರೆ ಮಿಕ್ಕಿದ್ದೂ ಹೋದ ಹಾಗೆ ಎಂದು ಒಳಗೊಳಗೇ ಭಯ. ಮಿತ್ಸುಯೊ ಮೀನಿನ ತಟ್ಟೆ ಎತ್ತಿಕೊಂಡು ಹೋದಳು. ಅವಳು ಮತ್ತೆ ಆ ಮಾತು ತೆಗೆಯಲಿಲ್ಲ. ತೆಗೆಯಬೇಕಿತ್ತು ಎಂದು ನನಗನ್ನಿಸುತ್ತದೆ, ಆದರೆ ನಮ್ಮಲ್ಲಿ ಒಂದು ಸಲ ಬೇಡ ಅಂದವರನ್ನು ಎರಡನೇ ಸಲ ಕೇಳುವುದು ಅವರನ್ನು ಅವಮಾನಿಸಿದಂತೆ.

ಕಾನ್‌ಜಿ ತನ್ನೊಳಗೇ ಒಂದು ಒಪ್ಪಂದ ಮಾಡಿಕೊಂಡ. ಹಚಿಯಾನ ಬೈಗುಳ ಬಿಟ್ಟು, ಕಾಫಿ ಕೆಟ್ಟಿತು ಎಂದು ಒಬ್ಬ ಗಿರಾಕಿ ನಿಜವಾಗಿ ಹೇಳಲಿ, ಆ ದಿನವೇ ಬಾಗಿಲು ಹಾಕುತ್ತೇನೆ. ಅಲ್ಲಿಯವರೆಗೆ ನಡೆಸುತ್ತೇನೆ. ಮೂಗು ಮಾಡುತ್ತಿದ್ದ ಕೆಲಸವನ್ನು ಕಣ್ಣಿಗೂ ಕಿವಿಗೂ ಗಡಿಯಾರಕ್ಕೂ ಹಂಚಿದ. ಬೀಜ ಸಿಡಿಯುವ ಸದ್ದು ಶುರುವಾದ ಮೇಲೆ ಎಷ್ಟು ನಿಮಿಷ ಎಂದು ಗೋಡೆಗೆ ಚೀಟಿ ಅಂಟಿಸಿದ. ಬಟ್ಟೆಯನ್ನು ವಾಸನೆ ಬರಲಿ ಬಿಡಲಿ ಪ್ರತಿ ಸೋಮವಾರ ಬದಲಿಸಿದ. ಇಷ್ಟೆಲ್ಲ ಮಾಡಿದರೂ ಮಾಡಿದ ಕಾಫಿ ಹೇಗಿದೆ ಎಂಬುದು ಅವನಿಗೆ ತಿಳಿಯುವಂತಿರಲಿಲ್ಲ. ಕುಡಿದರೆ ಬಿಸಿ ಗೊತ್ತಾಗುತ್ತಿತ್ತು, ಕಹಿ ಗೊತ್ತಾಗುತ್ತಿತ್ತು. ಉಳಿದದ್ದು ಗಿರಾಕಿಗಳ ಮುಖದಲ್ಲಿ ಓದಬೇಕು. ಆದರೆ ನಮ್ಮ ಜನರ ಮುಖದಲ್ಲಿ ಏನಿರುತ್ತದೆ? ಸೆಗಾವಾ ಟೀಚರು, ಶಾಲೆಯಿಂದ ನಿವೃತ್ತರಾಗಿ ದಿನಾ ಕಿಟಕಿಯ ಮೇಜಿಗೆ ಬರುವಾಕೆ, ಕಪ್ಪು ಕೆಳಗಿಟ್ಟು ಮುಗುಳ್ನಗುವರು. ಆ ಮುಗುಳ್ನಗು ಅವರ ಗಂಡನ ಸಾವಿನ ದಿನವೂ ಹಾಗೇ ಇತ್ತು.

ಹಾಗಾಗಿ ಉಳಿದವನು ಹಚಿಯಾ ಒಬ್ಬ.

ಕಾನ್‌ಜಿ ಅವನ ಬೈಗುಳವನ್ನು ಎಂದೂ ಇಲ್ಲದ ಹಾಗೆ ಕಿವಿಗೊಟ್ಟು ಕೇಳತೊಡಗಿದ. ಮಾರ್ಚಿನಲ್ಲಿ ಒಂದು ದಿನ ಹಚಿಯಾ, ಏನು ಮಾಸ್ಟರ್, ಬೀಜ ಹುರಿಯೋದು ಬಿಟ್ಟು ಸುಡೋಕೆ ಶುರು ಮಾಡಿದ್ಯಾ ಅಂದ. ಕಾನ್‌ಜಿ ಗೋಡೆಯ ಚೀಟಿಯಲ್ಲಿ ಅರ್ಧ ನಿಮಿಷ ಕಡಿಮೆ ಮಾಡಿದ. ಎರಡು ದಿನ ಬಿಟ್ಟು, ಇದೇನು ಹಸಿ ಹುಲ್ಲು, ನಾನೇನು ಹಸುವೇ ಅಂದ. ಹತ್ತು ಸೆಕೆಂಡು ಹೆಚ್ಚಿಸಿದ. ನೀರು ಜಾಸ್ತಿ ಎಂದರೆ ಪುಡಿ ಹೆಚ್ಚಿಸಿದ, ಗಂಟಲು ಹಿಡಿಯತ್ತೆ ಎಂದರೆ ನೀರು ಆರಿಸಿ ಹೊಯ್ದ. ಏಪ್ರಿಲ್ ಕಳೆಯುವ ಹೊತ್ತಿಗೆ ಬೈಗುಳಗಳು ಹಳೆಯ ಹಾದಿಗೆ ಬಂದವು. ಮಗ್ಗ, ಗ್ರೀಸು, ಪಾತ್ರೆ ತೊಳೆದ ನೀರು. ಅದನ್ನು ಕೇಳಿ ಕಾನ್‌ಜಿಗೆ ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು. ಏನಪ್ಪಾ ಇವನ ಬಾಯಿ ಎಂದು ಗೊಣಗಿಕೊಂಡು ಒಳಗೆ ಹೋಗಿ ಮುಖ ತೊಳೆದುಕೊಂಡ. ಮೂಗು ಇಲ್ಲದಿದ್ದರೇನು, ಹಚಿಯಾನ ಬಾಯಿ ಇರುವವರೆಗೆ ನಡೆದೀತು ಎಂದುಕೊಂಡ.

ಜುಲೈ ಬಂತು. ನಮ್ಮ ಕಡೆಯ ಜುಲೈ ಎಂದರೆ ಒದ್ದೆ ಟವೆಲ್ಲನ್ನು ಮುಖಕ್ಕೆ ಸುತ್ತಿಕೊಂಡು ಓಡಾಡಿದ ಹಾಗೆ. ಗುರುವಾರ ಅಂಗಡಿಗೆ ರಜೆ. ಬುಧವಾರ ಮುಚ್ಚುವ ಹೊತ್ತಿಗೆ ಯಾರೋ ಹಳೆಯ ಗಿರಾಕಿ ಬಂದು ಮಾತಿಗೆ ನಿಂತರು, ಕಾನ್‌ಜಿ ಬಟ್ಟೆಯ ಜಾಡಿಯನ್ನು ತಂಪಿನ ಪೆಟ್ಟಿಗೆಯಲ್ಲಿ ಇಡುವುದನ್ನು ಮರೆತ. ಶುಕ್ರವಾರ ಬೆಳಿಗ್ಗೆ ಬಂದು ನೋಡಿದರೆ ಜಾಡಿ ಸಕ್ಕರೆ ಡಬ್ಬಿಯ ಹಿಂದೆ ಕೂತಿತ್ತು. ಎರಡು ರಾತ್ರಿ, ಒಂದು ಹಗಲು. ಬಟ್ಟೆ ತೆಗೆದು ಬೆಳಕಿಗೆ ಹಿಡಿದ. ಕಲೆಯಿಲ್ಲ, ಲೋಳೆಯಿಲ್ಲ, ನೀರು ತಿಳಿಯಾಗಿದೆ. ಮೂಗಿಗೂ ಹಿಡಿದ, ಸುಮ್ಮನೆ ಅಭ್ಯಾಸಬಲದಿಂದ. ಹೊಸ ಬಟ್ಟೆ ಡ್ರಾಯರಿನಲ್ಲಿತ್ತು. ಆದರೆ ಹೊಸ ಬಟ್ಟೆಯನ್ನು ಕಾಫಿ ಗಸಿಯ ಜೊತೆ ಅರ್ಧ ಗಂಟೆ ಕುದಿಸಿ ಪಳಗಿಸಬೇಕು. ಬಾಗಿಲ ಆಚೆ ಆಗಲೇ ನಾಲ್ಕು ಜನ ನಿಂತಿದ್ದರು, ಸೆಗಾವಾ ಟೀಚರು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಅನುಮಾನ ಬಂದರೆ ಎಸೆ ಎಂದಿದ್ದ ಶಿರಾಕಿ ಸತ್ತು ಇಪ್ಪತ್ತು ವರ್ಷವಾಗಿತ್ತು. ಕಾನ್‌ಜಿ ಬಟ್ಟೆಯನ್ನು ಕುದಿಯುವ ನೀರಲ್ಲಿ ಮೂರು ಸಲ ಜಾಲಿಸಿ ಹಿಂಡಿ ಬಾಗಿಲು ತೆರೆದ.

ಏಳೂಕಾಲಿಗೆ ಆರೂ ಕುರ್ಚಿ ತುಂಬಿದ್ದವು. ಪುಡಿ ಚೆನ್ನಾಗಿ ಉಬ್ಬಿತು, ತೊಟ್ಟುಗಳು ಎಂದಿನಂತೆ ಇಳಿದವು. ಟೋಸ್ಟಿನ ವಾಸನೆಯ ನಡುವೆ ನಿಂತ ಮಿತ್ಸುಯೊಗೂ ಏನೂ ತಿಳಿಯಲಿಲ್ಲ. ಮಾಮೂಲಿನಂತೆ ಎಲ್ಲರೂ ಕುಡಿದರು. ಯಾರೂ ಕಪ್ಪಿನಲ್ಲಿ ಉಳಿಸಲಿಲ್ಲ. ಒಂದೇ ಒಂದು ವ್ಯತ್ಯಾಸ. ಹಾಲು ಸಕ್ಕರೆ ಮುಟ್ಟದ ಸೆಗಾವಾ ಟೀಚರು ಮೆಲ್ಲಗೆ, ಇವತ್ತು ಸ್ವಲ್ಪ ಹಾಲು ಕೊಡ್ತೀರಾ, ಹೊಟ್ಟೆ ಸರಿಯಿಲ್ಲ ಎಂದರು. ಆಮೇಲೆ ಪಕ್ಕದವನೂ ಹಾಲು ಕೇಳಿದ. ಕಾನ್‌ಜಿ ಹಾಲಿನ ಪುಟ್ಟ ಜಗ್ಗು ತೆಗೆಯುತ್ತ ಹಚಿಯಾನ ಕಡೆ ನೋಡಿದ. ಹಚಿಯಾ ಒಂದು ಗುಟುಕು ಕುಡಿದು ಕಪ್ಪನ್ನು ಬಸಿಯ ಮೇಲಿಟ್ಟಿದ್ದ. ಕಪ್ಪನ್ನೇ ನೋಡುತ್ತಿದ್ದ. ಆಮೇಲೆ ಎತ್ತಿ, ಮದ್ದು ಕುಡಿಯುವವನಂತೆ ಒಂದೇ ಉಸಿರಿಗೆ ಪೂರ್ತಿ ಕುಡಿದು ಕೆಳಗಿಟ್ಟ.

"ಮಾಸ್ಟರ್," ಅಂದ. ಎಂದಿನ ಗಂಟಲಲ್ಲ, ಸಣ್ಣ ದನಿ. "ಇವತ್ತು ಚೆನ್ನಾಗಿದೆ."

ಯಾರೋ ಪೇಪರು ತಿರುವಿದರು. ಕಾನ್‌ಜಿ ಹಾಲಿನ ಜಗ್ಗನ್ನು ಕೌಂಟರಿನ ಮೇಲಿಟ್ಟ. ಮೂವತ್ತೆಂಟು ವರ್ಷದಲ್ಲಿ ಕೇಳದ ಮಾತು. ಯಾವ ಗಿರಾಕಿಯೂ ಕಾಫಿ ಕೆಟ್ಟಿದೆ ಎಂದು ಹೇಳಿರಲಿಲ್ಲ, ಆದರೂ ಎಲ್ಲರೂ ಸೇರಿ ಒಟ್ಟಿಗೆ ಹೇಳಿದ ಹಾಗಾಯಿತು. ಅವನು ತಲೆಬಾಗಿ, ತುಂಬ ಸಂತೋಷ ಎಂದ.

ಬೆಳಗಿನ ಗಿರಾಕಿಗಳು ಹೋದ ಮೇಲೆ ಅವನು ಬಟ್ಟೆಯನ್ನು ಬಟ್ಟಲಿನಲ್ಲಿ ಹಾಕಿ ಮಿತ್ಸುಯೊಳ ಮುಂದೆ ಹಿಡಿದ. ಬೇಡ ಎಂದಿದ್ದ ಕೆಲಸವನ್ನು ಈಗ ಅವನೇ ತಂದುಕೊಟ್ಟ. ಮಿತ್ಸುಯೊ ಕೈ ಒರೆಸಿಕೊಂಡು, ಬಗ್ಗಿ, ಮೂಸಿದಳು. ಅವಳ ಮುಖ ಒಂದು ಕ್ಷಣ ಹಿಂದಕ್ಕೆ ಸರಿಯಿತು, ಕೂಡಲೇ ಅಲ್ಲೇ ನಿಂತಿತು. ಅಷ್ಟು ಹೊತ್ತಿಗೆ ಅವನು ನೋಡಿಯಾಗಿತ್ತು.

"ಹೇಗಿದೆ?"

"ಹೊಸದು ಕುದಿಸೋಣ ರೀ," ಅಂದಳು.

"ಹೇಗಿದೆ ಅಂತ ಕೇಳ್ದೆ."

ಅವಳು ಬಟ್ಟೆಯನ್ನು ಕಸದ ಚೀಲಕ್ಕೆ ಹಾಕಿ, ಚೀಲದ ಬಾಯಿ ಎರಡು ಗಂಟು ಕಟ್ಟಿ, ಹಿತ್ತಲಿಗೆ ಹೋದಳು. ಕಟ್ಟಿಕೊಂಡ ಹೆಂಡತಿಯ ಬಾಯಲ್ಲೂ ಆ ಒಂದು ಮಾತು ಹೊರಡಲಿಲ್ಲ. ಅವಳೂ ಇದೇ ಊರಿನವಳಲ್ಲವೇ.

ಅಂದು ಮಧ್ಯಾಹ್ನ ಖಾಲಿ ಕೌಂಟರಿನ ಹಿಂದೆ ಕೂತು ಹೊಸ ಬಟ್ಟೆ ಕುದಿಯುವುದನ್ನು ನೋಡುತ್ತಿದ್ದಾಗ ಕಾನ್‌ಜಿಗೆ ಇನ್ನೊಂದು ಹೊಳೆಯಿತು. ಸುಟ್ಟಿದೆ, ಹಸಿಯಾಗಿದೆ, ನೀರು ಜಾಸ್ತಿ, ಗಂಟಲು ಹಿಡಿಯುತ್ತದೆ. ಹಚಿಯಾ ಅದುವರೆಗೆ ಎಂದಾದರೂ ಹಾಗೆ ಲೆಕ್ಕವಿಟ್ಟು ಬೈದದ್ದುಂಟೇ? ಅವನ ಬೈಗುಳದಲ್ಲಿ ಗ್ರೀಸು ಇರುತ್ತಿತ್ತು, ಚರಂಡಿ ಇರುತ್ತಿತ್ತು, ಕಾಫಿಯ ವಿಚಾರ ಇರುತ್ತಿರಲಿಲ್ಲ. ಮಾರ್ಚಿನಿಂದ ಏಪ್ರಿಲ್‌ವರೆಗೆ ಅವನು ಬೈದದ್ದಲ್ಲ, ಹೇಳಿಕೊಟ್ಟದ್ದು. ಮೂಗು ಹೋದದ್ದು ಅವನಿಗೆ ಮೊದಲ ವಾರವೇ ಗೊತ್ತಾಗಿತ್ತು. ಯಾರಿಗೂ ತಿಳಿಯದ ಹಾಗೆ, ಕಾನ್‌ಜಿಗೂ ತಿಳಿಯದ ಹಾಗೆ, ಹಚಿಯಾ ಕೌಂಟರಿನ ಆಚೆ ಕೂತು ಕಾನ್‌ಜಿಯ ಮೂಗಾಗಿದ್ದ. ಹುರಿದದ್ದು ಹೆಚ್ಚಾಯಿತು ಎಂದು ಬೈಗುಳದಲ್ಲಿ ಸೇರಿಸಿ ಹೇಳಬಹುದು. ಬಟ್ಟೆ ನಾರುತ್ತಿದೆ ಎಂದು ಯಾವ ಬೈಗುಳದಲ್ಲಿ ಸೇರಿಸಿ ಹೇಳುವುದು? ಅದು ನಿನಗೆ ಮೂಗಿಲ್ಲ ಎಂದು ಆರು ಜನರ ಮುಂದೆ ಹೇಳಿದ ಹಾಗೆಯೇ. ಅದಕ್ಕೇ ಆ ಪುಣ್ಯಾತ್ಮ ಅದನ್ನೂ ಹೊಟ್ಟೆಗೆ ಹಾಕಿಕೊಂಡಿದ್ದ.

ಮರುದಿನ ಎಲ್ಲ ಸರಿಯಿತ್ತು. ಬಟ್ಟೆ ಹೊಸದು, ಮಿತ್ಸುಯೊ ಮೂಸಿ ತಲೆಯಾಡಿಸಿದ್ದಳು, ಬೀಜ ಚೀಟಿಯ ಪ್ರಕಾರ. ಹಚಿಯಾ ಏಳೂಕಾಲಿಗೆ ಬಂದು, ಕುಡಿದು, ಚೆನ್ನಾಗಿದೆ ಮಾಸ್ಟರ್ ಅಂದ. ಅದರ ಮರುದಿನವೂ ಅಂದ. ಸೋಮವಾರವೂ ಅಂದ. ಕಾನ್‌ಜಿ ಬೇಕೆಂದೇ ಒಂದು ದಿನ ಪುಡಿ ಅರ್ಧಕ್ಕೆ ಇಳಿಸಿ ನೀರಿನಂಥ ಕಾಫಿ ಕೊಟ್ಟ. ಸೆಗಾವಾ ಟೀಚರು ಮುಗುಳ್ನಕ್ಕರು. ಹಚಿಯಾ ಚೆನ್ನಾಗಿದೆ ಅಂದ.

ಹತ್ತನೆಯ ದಿನ ಕಾನ್‌ಜಿಗೆ ತಡೆಯಲಾಗಲಿಲ್ಲ. ಉಳಿದವರು ಎದ್ದು ಹೋಗುವವರೆಗೆ ಕಾದು, ಕೌಂಟರು ಸುತ್ತಿಕೊಂಡು ಬಂದು ಹಚಿಯಾನ ಪಕ್ಕದ ಕುರ್ಚಿಯಲ್ಲಿ ಕೂತ. ಮೂವತ್ತೆಂಟು ವರ್ಷದಲ್ಲಿ ಅವನು ಗಿರಾಕಿಯ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

"ಹಚಿಯಾ ಅವರೇ, ನಿಮ್ಮನ್ನ ಒಂದು ಕೇಳ್ಕೋತೀನಿ. ಬೈಯಿರಿ."

ಹಚಿಯಾ ಪೇಪರಿನಿಂದ ತಲೆ ಎತ್ತಲಿಲ್ಲ. "ಏನಂತ ಬೈಲಿ? ಚೆನ್ನಾಗಿದೆ."

"ಚೆನ್ನಾಗಿಲ್ಲ ಅಂತ ನಂಗೊತ್ತು. ಎಷ್ಟು ಚೆನ್ನಾಗಿಲ್ಲ ಅಂತ ಗೊತ್ತಾಗ್ತಿಲ್ಲ. ಮೊದ್ಲಿನ ಥರ ಹೇಳಿ. ಸುಟ್ಟಿದ್ಯಾ, ಹಸೀನಾ, ಏನಾದ್ರೂ ಒಂದು. ನೀವು ಹೇಳ್ದಿದ್ರೆ ನಾನು ಯಾರನ್ನ ಕೇಳ್ಲಿ?"

ಹಚಿಯಾ ಪೇಪರನ್ನು ಮಡಿಸಿದ. ಕಪ್ಪಿನ ತಳದಲ್ಲಿ ಉಳಿದಿದ್ದ ಒಂದು ತೊಟ್ಟನ್ನು ಅಲ್ಲಾಡಿಸಿ ನೋಡಿದ. ಬೈಯಲು ಬಾಯಿ ತೆರೆದ ಹಾಗೂ ಕಂಡಿತು. ಗಂಟಲು ಸರಿಮಾಡಿಕೊಂಡು, ಈ ಕಾಫಿ, ಎಂದು ಶುರು ಮಾಡಿ, ಅಲ್ಲಿಗೇ ನಿಲ್ಲಿಸಿದ.

"ಮುಂಚೆ ನಾನೇನಂದ್ರೂ ನೀನು ನಂಬ್ತಿರ್ಲಿಲ್ಲ ಮಾಸ್ಟರ್. ಅದಕ್ಕೇ ಬಾಯಿಗೆ ಬಂದಂಗೆ ಅಂತಿದ್ದೆ," ಅಂದ. "ಈಗ ನಾನಂದದ್ದೆಲ್ಲ ನಿಜ ಅಂತ ನೀನು ನಂಬ್ತೀಯ. ನಂಬೋವ್ನಿಗೆ ಹೆಂಗಪ್ಪಾ ಬೈಯೋದು?"

ಇಬ್ಬರೂ ಪಕ್ಕಪಕ್ಕ ಕೂತು ಎದುರಿನ ಕಪಾಟನ್ನು ನೋಡುತ್ತಿದ್ದರು. ಒಲೆಯ ಕಡೆ ಮಿತ್ಸುಯೊ ಮೊಟ್ಟೆಯ ಪಾತ್ರೆ ತೊಳೆಯುತ್ತಿದ್ದಳು, ನಲ್ಲಿ ನಿಲ್ಲಿಸಿರಲಿಲ್ಲ. ಹಚಿಯಾ ಕಪ್ಪನ್ನು ಮುಂದಕ್ಕೆ ಸರಿಸಿ, ಇನ್ನೊಂದು ಕೊಡು ಅಂದ. ಅವನು ಎರಡನೇ ಕಪ್ಪು ಕೇಳಿದವನೇ ಅಲ್ಲ. ಕಾನ್‌ಜಿ ಎದ್ದು ಕೌಂಟರಿನ ಹಿಂದೆ ಹೋದ, ಪುಡಿ ಹಾಕಿದ, ಕೆಟಲ್ ಎತ್ತಿ ತೊಟ್ಟು ತೊಟ್ಟಾಗಿ ನೀರು ಬಿಟ್ಟ. ಪುಡಿ ಉಬ್ಬಿತು. ಆವಿ ಅವನ ಮುಖಕ್ಕೆ ಬಂತು, ಬಿಸಿಯಾಗಿ, ಒದ್ದೆಯಾಗಿ, ಬೇರೇನೂ ಇಲ್ಲದೆ.

ಹಚಿಯಾ ಕುಡಿದ. ಅವನು ಏನು ಹೇಳುತ್ತಾನೆಂದು ಮೂವರಿಗೂ ಗೊತ್ತಿತ್ತು. ಅವನು ಅದನ್ನೇ ಹೇಳಿದ, ಕಾನ್‌ಜಿ ತಲೆಬಾಗಿ ತುಂಬ ಸಂತೋಷ ಎಂದ.